ಲಾರಿ ಬಾಗಿಲ ಮೇಲಿನ ಹೆಸರು

ನಿವೃತ್ತನೆಂದು ಹೇಳಿಕೊಳ್ಳುವವನ ತಲೆ ನರೆತಿರಲೇಬೇಕೆಂದು ಯಾವ ಕಾನೂನಿನಲ್ಲಿದೆ? ನನಗಿನ್ನೂ ಮೂವತ್ತು ತುಂಬಿಲ್ಲ. ಆದರೆ ನನಗೆ ಕೆಲಸ ಕೊಟ್ಟ ಯುದ್ಧ ಮುಗಿದಿದೆ, ಕೆಲಸ ಮುಗಿದಿದೆ, ಕೆಲಸ ನಡೆಯುತ್ತಿದ್ದ ಬಯಲಿನಲ್ಲಿ ಈಗ ಯಾರೋ ಹುರುಳಿ ಚೆಲ್ಲಿದ್ದಾರೆ. ಇದು ನಿವೃತ್ತಿಯಲ್ಲವೆನ್ನುವವರು ಎದ್ದು ನಿಂತು ಹೇಳಲಿ, ಉತ್ತರ ಕೊಡುತ್ತೇನೆ.

ವಾದ ನನಗೆ ಹೊಸದಲ್ಲ. ಬೆಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ ಚರ್ಚಾಕೂಟದಲ್ಲಿ ನನಗೊಂದು ಹೆಸರಿತ್ತು. ‘ಬಿಳಿಯರ ಈ ಯುದ್ಧ ನಮ್ಮದಲ್ಲ’ ಎಂದು ಒಂದು ವಾರ ವಾದಿಸಿ ಗೆದ್ದೆ. ಮರುವಾರ ಚೀಟಿ ಎತ್ತಿದಾಗ ಎದುರುಪಕ್ಷ ಬಂತು, ಆಗಲೂ ಗೆದ್ದೆ. ಒಂದೇ ನಾಲಗೆ ಎರಡು ಕಡೆಯನ್ನೂ ನಿಜವೆಂದು ತೋರಿಸಬಲ್ಲದಾದರೆ ನಿಜವೆಂಬುದು ಎಲ್ಲಿರುತ್ತದೆ ಎಂಬ ಸಂಶಯ ನನಗೆ ಅಂಟಿಕೊಂಡದ್ದು ಅಲ್ಲೇ. ಆಮೇಲೆ ತಂದೆ ತೀರಿಕೊಂಡರು, ಓದು ನಿಂತಿತು. ಯುದ್ಧಕಾಲದ ಕುಶಲಕರ್ಮಿಗಳ ತರಗತಿಯಲ್ಲಿ ಕೆಲವು ತಿಂಗಳು ಕಳೆದು, ಹೊಸಕೋಟೆಯಾಚೆಯ ಬಯಲಿನಲ್ಲಿದ್ದ ಮಿಲಿಟರಿ ಲಾರಿ ರಿಪೇರಿ ಡಿಪೋಗೆ ಸೇರಿದೆ. ನನ್ನದಲ್ಲವೆಂದು ಸಾಧಿಸಿದ್ದ ಯುದ್ಧವೇ ನನಗೆ ಅನ್ನ ಹಾಕಿತು.

ಬಸ್ ಕಂಪನಿಗಳ ವರ್ಕ್‌ಶಾಪಿಗೆ ಈಗ ಸೇರುತ್ತಿರುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಕೈಯಿಡುವ ಬಸ್ಸುಗಳಲ್ಲಿ ಅರ್ಧಕ್ಕರ್ಧ ಹಳೆಯ ಮಿಲಿಟರಿ ಲಾರಿಗಳೇ. ಮೇಲೆ ಹಲಗೆಯ ಗೂಡು ಕಟ್ಟಿ, ಕೆಂಪೋ ನೀಲಿಯೋ ಬಳಿದು ಬಿಟ್ಟಿರುತ್ತಾರೆ. ಆ ಬಣ್ಣದ ಕೆಳಗೆ ಏನಿದೆಯೆಂದು ನಿಮಗೆ ಯಾರೂ ಹೇಳಿರಲಾರರು.

ಡಿಪೋದ ಮೊದಲ ಪಾಠದಿಂದ ಶುರುಮಾಡುತ್ತೇನೆ. ನಮ್ಮ ಮೇಲಿದ್ದವರು ಹವಾಲ್ದಾರ್ ಆರೋಗ್ಯಸ್ವಾಮಿ, ಹೊಸೂರು ಕಡೆಯ ತಮಿಳರು, ಕನ್ನಡವನ್ನು ತಮ್ಮದೇ ರಾಗದಲ್ಲಿ ಆಡುತ್ತಿದ್ದರು. ಸೇರಿದ ಹೊಸದರಲ್ಲಿ ಒಂದು ಲಾರಿ ಉಸಿರು ಕಟ್ಟಿದಂತೆ ಕೆಮ್ಮುತ್ತಿತ್ತು. ನಾನು ತರ್ಕ ಹೂಡಿದೆ. ಪೆಟ್ರೋಲ್ ಬರುತ್ತಿದೆ, ಕಿಡಿ ಹಾರುತ್ತಿದೆ, ಆದ್ದರಿಂದ ದೋಷ ವಾಲ್ವಿನದೇ. ಎಂಜಿನ್ನಿನ ತಲೆ ಬಿಚ್ಚಿ ನೆಲದ ಮೇಲಿಟ್ಟೆ. ವಾಲ್ವುಗಳು ಹೊಸ ಮದುಮಗನ ಹಲ್ಲಿನಂತಿದ್ದವು. ಹವಾಲ್ದಾರರು ಬಂದು ಬಗ್ಗಿ, ಹೊಗೆಕೊಳವೆಯೊಳಗೆ ಒಂದು ತಂತಿ ತೂರಿಸಿ ಎಳೆದರು. ಇಲಿಗೂಡು ಹೊರಬಂತು, ಮರಿಗಳ ಸಮೇತ.

“ಏನ್ ಗುರು, ಎಂಜಿನ್ ಜೊತೆ ಡಿಬೇಟ್ ಮಾಡ್ದೆಯಾ? ಅದು ಸೋತೆ ಅಂತ ಒಪ್ಕೊಂಡ್ತಾ?”

ಅಂದಿನಿಂದ ಡಿಪೋದಲ್ಲಿ ನನ್ನ ಹೆಸರು ‘ಡಿಬೇಟು’. ಹಾಜರಿ ಕರೆಯುವಾಗಲೂ ಅದೇ.

ಮೊದಮೊದಲು ಒಂದು ಲಾರಿಯನ್ನು ನಾಲ್ಕೈದು ಜನ ಹಿಡಿದು ತುದಿಯಿಂದ ಕೊನೆಯವರೆಗೆ ನಾವೇ ಮುಗಿಸುತ್ತಿದ್ದೆವು. ಪೂರ್ವದ ಬರ್ಮಾ ಗಡಿಯ ಕಡೆಯಿಂದ ರೈಲು ತುಂಬ ಲಾರಿಗಳು ಬರತೊಡಗಿದಾಗ ಪದ್ಧತಿ ಬದಲಾಯಿತು. ಲಾರಿ ಮುಂದೆ ಸಾಗುತ್ತದೆ, ಮನುಷ್ಯ ನಿಂತಲ್ಲೇ ನಿಲ್ಲುತ್ತಾನೆ, ಒಬ್ಬನಿಗೆ ಒಂದೇ ಕೆಲಸ. ಕೆಲಸ ಬೇಗ ಆಗುತ್ತಿತ್ತು, ಒಪ್ಪುತ್ತೇನೆ. ಆದರೆ ಕೈಯಲ್ಲಿದ್ದ ಗಾಡಿ ಓಡಿತೋ ಇಲ್ಲವೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಬಾಗಿಲು. ಬಾಗಿಲ ಹಳೆಯ ಬಣ್ಣವನ್ನು ತಗಡಿನ ಪಟ್ಟಿಯಿಂದ ಕೆರೆದು, ಪೆಟ್ರೋಲಿನಲ್ಲಿ ಒರೆಸಿ, ಹಸಿರು ಬಳಿಯುವವನ ಕಡೆಗೆ ತಳ್ಳುವುದು.

ಬಾಗಿಲ ಮೇಲೆ ಹೆಸರುಗಳಿರುತ್ತಿದ್ದವು. ಯಾವ ಆಜ್ಞೆಯೂ ಇಲ್ಲದೆ ಡ್ರೈವರುಗಳು ತಾವಾಗಿ ಬರೆದುಕೊಂಡವು. ದೇವರ ಹೆಸರು, ಊರಿನ ಹೆಸರು, ಹೆಂಡತಿಯದು, ಮಗುವಿನದು. ಕನ್ನಡ, ತಮಿಳು, ತೆಲುಗು, ಉರ್ದು, ಗುರುಮುಖಿ, ಎಷ್ಟೋ ಲಿಪಿಗಳಲ್ಲಿ. ಕೆಲವು ಬಾಗಿಲುಗಳಲ್ಲಿ ತೂತುಗಳಿರುತ್ತಿದ್ದವು. ಒಳಗಡೆ ಬಾಚಣಿಗೆ, ಬೀಡಿಕಟ್ಟು, ಒಣಗಿ ಕಪ್ಪಾದ ಕಲೆ. ಸಿಕ್ಕಿದ್ದನ್ನೆಲ್ಲ ಪೀಪಾಯಿಗೆ ಹಾಕಿ ಸುಡಬೇಕೆಂದು ಅಪ್ಪಣೆಯಿತ್ತು.

ಮೊದಲ ದಿನ ನಾನು ಒಂದೊಂದು ಹೆಸರನ್ನೂ ಓದಲು ಹೋಗುತ್ತಿದ್ದೆ. ಹವಾಲ್ದಾರರು ಹಿಂದೆ ಬಂದು ನಿಂತರು.

“ಓದ್‌ಬೇಡ ಡಿಬೇಟು. ಕೆರಿ. ಓದಿದ್ರೆ ಕೈ ನಿಧಾನ ಆಗ್ತದೆ.”

“ಓದಿದ್ರೆ ಏನ್ ನಷ್ಟ ಸಾರ್?”

“ನಷ್ಟ ನಿಂಗೇ ಕಣಪ್ಪ, ಸರ್ಕಾರಕ್ಕಲ್ಲ.”

ಒಂದು ಮಧ್ಯಾಹ್ನ ಅವರೇ ನನ್ನ ಪಕ್ಕದ ಲಾರಿಯ ಬಾಗಿಲಿಗೆ ಪಟ್ಟಿ ಹಚ್ಚಿದವರು ಹಾಗೆಯೇ ನಿಂತುಬಿಟ್ಟರು. ತಮಿಳು ಅಕ್ಷರಗಳಿದ್ದವು. ಪಟ್ಟಿಯನ್ನು ನೆಲದ ಮೇಲಿಟ್ಟು ನೀರಿನ ಕೊಳಾಯಿ ಕಡೆ ನಡೆದರು. ಆ ಬಾಗಿಲನ್ನು ನಾನು ಕೆರೆದೆ. ಆಮೇಲೆ ನನಗೂ ಅಭ್ಯಾಸವಾಯಿತು. ಕಣ್ಣು ಅಕ್ಷರದ ಮೇಲಿರುತ್ತಿತ್ತು, ಓದುತ್ತಿರಲಿಲ್ಲ. ಹಾಗೂ ಆಗುತ್ತದೆಯೇ ಎಂದು ಅನುಮಾನಿಸುವವರು ಮೂರು ತಿಂಗಳು ಅದೇ ಕೆಲಸ ಮಾಡಿ ನೋಡಬೇಕು.

ಯುದ್ಧ ನಿಂತಿತು. ಬಯಲಿನಲ್ಲಿ ಲಾರಿಗಳು, ಜೀಪುಗಳು ಸಾಲುಸಾಲಾಗಿ ತುಕ್ಕು ಹಿಡಿಯುತ್ತ ನಿಂತವು. ಹರಾಜು ಶುರುವಾಯಿತು. ಬಸ್ಸಿನವರು, ಕಂಟ್ರಾಕ್ಟರುಗಳು ಬಂದದ್ದು ಸರಿ. ಅವರ ನಡುವೆ ಇನ್ನೊಂದು ಜಾತಿಯ ಜನವೂ ಬಂದರು: ದೇವನಹಳ್ಳಿಯ ಒಬ್ಬ ಡಾಕ್ಟರು, ಒಬ್ಬ ರೇಷ್ಮೆ ವ್ಯಾಪಾರಿ, ಟೆಂಟ್ ಸಿನಿಮಾದ ಸಾಹೇಬರು. ಇವರಿಗೆ ಗಾಡಿಯಿಂದ ಆಗಬೇಕಾದ ಕೆಲಸವೇನೂ ಇರಲಿಲ್ಲ. ಗಾಡಿಯೇ ಬೇಕಿತ್ತು. ಯುದ್ಧದಲ್ಲಿ ಹೇಗಿತ್ತೋ ಹಾಗೆಯೇ. ಭಾನುವಾರ ಕೆರೆ ಏರಿಯ ಮೇಲೆ ಜೀಪುಗಳನ್ನು ಸಾಲಾಗಿ ನಿಲ್ಲಿಸಿ, ಯಾವ ದೀಪಕ್ಕೆ ಯಾವ ಮುಸುಕಿತ್ತು, ಮಡ್‌ಗಾರ್ಡಿನ ಮೇಲೆ ಯಾವ ಪಡೆಯ ಯಾವ ಗುರುತಿತ್ತು ಎಂದು ಜಗಳವಾಡುತ್ತಿದ್ದರು. ಚರ್ಚಾಕೂಟದಲ್ಲೂ ಅಂಥ ಆವೇಶವನ್ನು ನಾನು ಕಂಡಿರಲಿಲ್ಲ.

ಇವರ ಮುಖಂಡರು ದೊಡ್ಡಬಳ್ಳಾಪುರ ಕಡೆಯ ದೊಡ್ಡ ಹಿಡುವಳಿದಾರ ಪಟೇಲ್ ನರಸೇಗೌಡರು. ಡಿಪೋ ಮುಚ್ಚಿದಾಗ ನನ್ನನ್ನು ತಮ್ಮ ಗಾಡಿಗಳ ಮೇಸ್ತ್ರಿಯಾಗಿ ಇಟ್ಟುಕೊಂಡರು. ಅವರ ಹುಚ್ಚೆಂದರೆ ಖರೆತನ. ಒಂದು ಬೋಲ್ಟು ಬೇರೆ ತಲೆಯದಾದರೂ ಬಿಚ್ಚಿಸುತ್ತಿದ್ದರು.

ನವೆಂಬರಿನಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ ಬರುತ್ತದಲ್ಲ, ಅಂದು ದೊಡ್ಡಬಳ್ಳಾಪುರದ ಸ್ಮಾರಕದ ಕಲ್ಲಿನವರೆಗೆ ಗಾಡಿಗಳ ಮೆರವಣಿಗೆ ಹೊರಡಿಸಬೇಕೆಂದು ಇವರೆಲ್ಲ ನಿಶ್ಚಯಿಸಿದರು. ಹಿಂದಿನ ಭಾನುವಾರ ತಾಲೀಮು. ಕಲ್ಲಿನ ಮುಂದೆ ಎಲ್ಲ ಎಂಜಿನ್ನುಗಳನ್ನೂ ನಿಲ್ಲಿಸಿ ಮೌನ ಆಚರಿಸಿದರು. ಮೌನ ಮುಗಿದ ಮೇಲೆ ಡಾಕ್ಟರ ಜೀಪು ಏನು ಮಾಡಿದರೂ ಏಳಲಿಲ್ಲ. ಸಂತೆಗೆ ಬಂದವರು ಸುತ್ತ ನೆರೆದರು.

“ಲೇ, ಅದೂ ದೇಶಕ್ಕೆ ಪ್ರಾಣ ಬಿಡ್ತು ಕಣೋ!”

“ಯಾವ ದೇಶಕ್ಕೋ? ಬಿಳಿಯೋರ್ ದೇಶಕ್ಕಾ? ಅವ್ರೇ ಗಂಟು ಕಟ್ತಾವ್ರೆ, ಇವ್ರು ಈಗ ಬಂದ್ರು ನೋಡು ಸಲಾಮ್ ಹೊಡೆಯಾಕೆ!”

ನಾನೂ ನಕ್ಕೆ. ಗೌಡರು ನಗಲಿಲ್ಲ. ಸಂಜೆ ಅವರ ಗಾಡಿಗಳ ಷೆಡ್ಡಿನಲ್ಲಿ ನೇರವಾಗಿ ಕೇಳಿದೆ: “ಗೌಡ್ರೇ, ಅವ್ರು ಹೇಳಿದ್ರಲ್ಲಿ ತಪ್ಪೇನಿದೆ? ಈ ಯುದ್ಧಕ್ಕೂ ನಿಮಗೂ ಏನು ಸಂಬಂಧ? ನೀವು ಬಂದೂಕ ಹಿಡಿದಿದ್ದು ಹಂದಿ ಹೊಡೆಯೋಕೆ.”

ಗೌಡರು ಹರಾಜಿನಲ್ಲಿ ಕೊಂಡ ತಮ್ಮ ಲಾರಿಯ ಮೂತಿಯ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: “ನಾನು ಹಿಡೀಲಿಲ್ಲ ಕಣಪ್ಪ. ಹಿಡಿಸ್ದೆ. ಸೇನೆಗೆ ಜನ ಸೇರ್ಸೋಕೆ ಬಂದಾಗ ಸಾಹೇಬನ ಪಕ್ಕದಲ್ಲಿ ನಿಂತು ಭಾಷಣ ಮಾಡ್ದೋನು ನಾನೇ. ಲಾರಿ ಕಲಿಸ್ತಾರೆ, ಬಂದ್ಮೇಲೆ ಬಸ್ ಓಡಿಸ್ಬೋದು ಅಂದೆ. ಹೈಕ್ಳು ನಂಬಿದ್ರು. ಬಂದೋರು ಬಂದ್ರು.”

ಬಾರದವರಲ್ಲಿ ಒಬ್ಬ, ದೊಡ್ಡಬಳ್ಳಾಪುರದ ಹತ್ತಿರದ ಮಧುರೆ ಎಂಬ ಹಳ್ಳಿಯ ತಿಮ್ಮರಾಯಿ. ಅವನ ತಂದೆ ಮುನಿಶಾಮಪ್ಪ ಗೌಡರ ಜಮೀನನ್ನೇ ಗುತ್ತಿಗೆಗೆ ಮಾಡುತ್ತಿದ್ದವನು. ಗೌಡರು ಹೇಳಿಕಳಿಸಿದ್ದರಿಂದ ಮಗನ ಫೋಟೋ ಹಿಡಿದುಕೊಂಡು ಷೆಡ್ಡಿಗೆ ಬಂದ. ಫೋಟೋದಲ್ಲಿ ತಿಮ್ಮರಾಯಿ ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಗುತ್ತಿದ್ದ. ಮಡ್‌ಗಾರ್ಡಿನ ಮೇಲೆ ಅವನ ಪಡೆಯ ಗುರುತು, ಒಂದು ಆಮೆ. ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ, ಸೊಟ್ಟಸೊಟ್ಟಾಗಿ, ಕನ್ನಡದಲ್ಲಿ ‘ಕೆಂಪಿ’.

“ನನ್ ಸೊಸೆ ಹೆಸ್ರು ಸ್ವಾಮಿ, ಕೆಂಪಮ್ಮ ಅಂತ. ಅವ್ನು ಹಂಗೇ ಕರೀತಿದ್ದ,” ಎಂದ ಮುನಿಶಾಮಪ್ಪ. “ಮಿಲಿಟರಿಯೋರು ಕಾಗದ ಹಾಕವ್ರೆ. ಬರ್ಮಾದಾಗೆ ಕಾಣೆ ಆಗವ್ನೆ, ಸತ್ತಿರ್ಬೋದು ಅಂತ. ಇರ್ಬೋದು ಅಂದ್ರೆ ಇಲ್ದೇನೂ ಇರ್ಬೋದಲ್ವಾ?”

ಯಾವ ಚರ್ಚಾಕೂಟದ ತೀರ್ಪುಗಾರನಾದರೂ ಆ ಪ್ರಶ್ನೆಗೆ ಅಂಕ ಕೊಡುತ್ತಿದ್ದ.

ಅವರ ಮನೆಯ ಪದ್ಧತಿಯನ್ನು ಅವನೇ ಬಿಡಿಸಿ ಹೇಳಿದ. ದೂರ ಹೋದವನ ಸುದ್ದಿ ಹತ್ತದಿದ್ದರೆ ಹನ್ನೆರಡು ವರ್ಷ ಕಾಯಬೇಕು. ಆಮೇಲೆ ದರ್ಭೆಯಲ್ಲಿ ಗೊಂಬೆ ಮಾಡಿ ಸುಟ್ಟು ಕರ್ಮ ತೀರಿಸಬೇಕು. ಅಲ್ಲಿಯತನಕ ಅವನ ಹೆಂಡತಿ ಮುತ್ತೈದೆಯೇ, ಬಳೆ ತೊಡಬಹುದು, ಕುಂಕುಮ ಇಡಬಹುದು. ಆದರೆ ಹೆತ್ತ ತಾಯಿ ಅಂಗಳದಲ್ಲಿ ನಿಂತು ಮಗನ ಹೆಸರು ಹಿಡಿದು ಅತ್ತುಬಿಟ್ಟರೆ ಮುಗಿಯಿತು. ಸಾವು ಮನೆಗೆ ಬಂದಂತೆ. ಮತ್ತೆ ಕಾಯುವುದೆಂಬುದಿಲ್ಲ.

“ಅದ್ಕೇ ನಮ್ಮವ್ಳನ್ನ ಬಾಯ್ಕಟ್ಟಿ ಇಟ್ಟಿದೀವಿ ಸ್ವಾಮಿ. ಒಳಗೆ ಗೋಡೆ ಕಡೆ ತಿರಿಕ್ಕಂಡು ಅಳ್ತಾಳೆ. ಅಂಗಳದಾಗೆ ಅಳಂಗಿಲ್ಲ. ನಾನು ಆ ಕಲ್ಲಿಗೆ ಹೂವ ಇಕ್ಕಿದ್ರೆ ಜನ ಏನಂದಾರು?”

“ಹೂವ ಇಕ್ಕದು ಕರ್ಮ ಅಲ್ಲ ಕಣಯ್ಯ,” ಎಂದರು ಗೌಡರು. “ಹೋದೋರ್ಗೂ ಹೂವ, ಬರೋರ್ಗೂ ಹೂವ. ಮುಂದ್ಗಡೆ ಲಾರೀಲಿ ನನ್ ಪಕ್ಕ ಕೂತ್ಕೊ. ನಿನ್ ಮಗನಿಗೆ ಇನ್ನೇನ್ ಮರ್ಯಾದೆ ಮಾಡ್ಲಿ ನಾನು?”

ಗೌಡರ ಮಾತಿಗೆ ಇಲ್ಲವೆನ್ನುವ ಶಕ್ತಿ ಗುತ್ತಿಗೆದಾರನಿಗೆ ಎಲ್ಲಿಂದ ಬರಬೇಕು? ಮನೆಯಲ್ಲಿ ಹೇಳುವುದಿಲ್ಲ, ಊರ ಬಾಗಿಲಲ್ಲಿ ಕಾಯುತ್ತೇನೆ, ಅಲ್ಲಿಂದಲೇ ಹತ್ತಿಸಿಕೊಳ್ಳಿ ಎಂದು ಕೈಮುಗಿದು ಹೋದ. ಫೋಟೋ ಗೌಡರ ಕೈಯಲ್ಲುಳಿಯಿತು.

ಮರುದಿನ ಅವರು ಫೋಟೋವನ್ನು ನನ್ನ ಮುಂದಿಟ್ಟರು. ಲಾರಿಯನ್ನು ಪೂರಾ ಹೀಗೆಯೇ ಮಾಡಬೇಕು. ಆಮೆ, ಹೆಸರು, ಸೊಟ್ಟ ಅಕ್ಷರ ಸಮೇತ.

“ಇದು ಆ ಲಾರಿ ಅಲ್ಲ ಗೌಡ್ರೇ.”

“ಅದೇ ಕಂಪನಿ, ಅದೇ ವರ್ಷದ್ದು.”

“ಆದ್ರೂ ಅದಲ್ಲ. ಮತ್ತೆ, ಆ ಹೆಸರಿನ ಹೆಣ್ಣುಮಗಳು ಬದುಕಿದ್ದಾಳೆ. ಅವಳನ್ನ ಕೇಳಿದ್ರಾ?”

“ಮಾವನ್ನ ಕೇಳಿದೀನಲ್ಲ. ಸುಳ್ಳು ಬಣ್ಣದಾಗೆ ಹೋಗಿ ನಿಂತ್ರೆ ಅದು ತಮಾಷೆ ಆಗ್ತದೆ ಕಣೋ. ನಿಜ್ವಾಗೂ ಇದ್ದಂಗೇ ಇರ್ಬೇಕು.”

ಖರೆತನದ ಹೆಸರಿನಲ್ಲಿ ನೀವು ಬರೆಸುತ್ತಿರುವುದೇ ಸುಳ್ಳು ಎಂದೆ. ಗೌಡರು ಬ್ರಷ್ಷನ್ನು ನನ್ನ ಕೈಗಿಟ್ಟರು. ಸಂಬಳ ತೆಗೆದುಕೊಳ್ಳುವವನ ವಾದ ಹೋಗುವುದು ಅಷ್ಟೇ ದೂರ. ವರ್ಷಗಟ್ಟಲೆ ಹೆಸರು ಕೆರೆದ ಕೈಯಿಂದ ಮೊದಲ ಬಾರಿ ಒಂದು ಹೆಸರು ಬರೆದೆ.

ಮೆರವಣಿಗೆಯ ದಿನ ಬೆಳಿಗ್ಗೆ ನಾನೇ ಲಾರಿ ಓಡಿಸಿದೆ, ಡಿಪೋದ ಹಳೆಯ ಖಾಕಿ ಬಟ್ಟೆ ಹಾಕಿಕೊಂಡು. ಪಕ್ಕದಲ್ಲಿ ಗೌಡರು. ನಾವು ಹೇಳಿದ್ದಕ್ಕಿಂತ ಮುಂಚೆಯೇ ಮಧುರೆ ತಲುಪಿದೆವು. ಊರ ಬಾಗಿಲಲ್ಲಿ ಮುನಿಶಾಮಪ್ಪ ಇರಲಿಲ್ಲ.

“ಮನೆ ತಂಕ ಬಿಡು.”

“ಬೇಡ ಗೌಡ್ರೇ, ಇಲ್ಲೇ ಕಾಯೋಣ ಅಂತ ಮಾತಾಗಿದೆ.”

“ಅಂಥ ಮಗನ್ನ ಹೆತ್ತೋನು ಕಳ್ಳನಂಗೆ ಬೀದಿ ಕೊನೇಲಿ ಹತ್ತೋದಾ? ಬಿಡು ಅಂದ್ರೆ ಬಿಡು!”

ಮನೆಯ ಅಂಗಳದಲ್ಲಿ ಮುದುಕಿ, ತಿಮ್ಮರಾಯಿಯ ತಾಯಿ, ಬಿಸಿಲಿಗೆ ಕೂತಿದ್ದಳು. ಕೆಂಪಮ್ಮ ರಾಗಿ ಕೇರುತ್ತಿದ್ದಳು. ಲಾರಿ ನಿಂತಿತು. ಅವಳು ಮೊರವನ್ನು ಕೆಳಗಿಟ್ಟು ಆಮೆಯನ್ನು ನೋಡಿದಳು. ಬಾಗಿಲನ್ನು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಫೋಟೋದಲ್ಲಿ ದಿನವೂ ನೋಡಿದ್ದ ಆ ಎರಡು ಅಕ್ಷರಗಳ ಆಕಾರ ಗೊತ್ತಿತ್ತು. ಓಡಿಬರಲಿಲ್ಲ, ಕೂಗಲಿಲ್ಲ. ಸರಸರನೆ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಆರತಿಯ ಕೆಂಪುನೀರಿನ ತಟ್ಟೆಯಿತ್ತು.

ಲಾರಿಯ ಮೆಟ್ಟಿಲು ಹತ್ತಿ ನನ್ನ ಮುಖ ನೋಡಿದಳು. ಗೌಡರನ್ನು ನೋಡಿದಳು. ಇಳಿದು ಹಿಂದೆ ಹೋಗಿ ಟಾರ್ಪಾಲಿನೊಳಗೆ ಇಣುಕಿದಳು. ಮತ್ತೆ ನನ್ನ ಬಳಿ ಬಂದಳು.

“ಅಣ್ಣಾ, ಅವ್ರನ್ನ ಎಲ್ಲಿ ಇಳಿಸಿ ಬಂದ್ರಿ?”

ಗೌಡರು ಕೆಳಗಿಳಿದರು.

“ಇದು ಅವ್ನ ಲಾರಿ ಅಲ್ಲ ಕಣವ್ವ. ಅದ್ರಂಗೇ ಮಾಡ್ಸಿದೀನಿ. ತಿಮ್ಮರಾಯಿ ನೆನಪಿಗೆ.”

“ನೆನಪಿಗಾ?” ಎಂದದ್ದು ಮುದುಕಿ. ಗೋಡೆ ಹಿಡಿದುಕೊಂಡು ಎದ್ದಳು. “ನನ್ ಮಗನ ನೆನಪಿಗಾ ಗೌಡಾ? ನಿಂಗೆ ಗೊತ್ತಾಯ್ತಾ? ಅಯ್ಯೋ ನನ್ನಪ್ಪಾ, ತಿಮ್ಮರಾಯಾ…”

ಹಿತ್ತಲಿನಿಂದ ಓಡಿಬಂದ ಮುನಿಶಾಮಪ್ಪ ಅವಳ ಬಾಯಿ ಮುಚ್ಚಿದ. ಅಷ್ಟರಲ್ಲಿ ಬೀದಿಯ ಬಾಗಿಲುಗಳೆಲ್ಲ ತೆರೆದಿದ್ದವು. ಅವನ ಬೆರಳುಗಳ ಸಂದಿಯಿಂದಲೂ ಅಳು ಬರುತ್ತಿತ್ತು. ವರ್ಷಗಳಿಂದ ಗೋಡೆಗೆ ಅತ್ತದ್ದೆಲ್ಲ ಒಟ್ಟಿಗೆ ಹೊರಬಿದ್ದಂತಿತ್ತು.

ಕೆಂಪಮ್ಮ ತಟ್ಟೆ ಹಿಡಿದೇ ನಿಂತಿದ್ದಳು. ಆಮೇಲೆ ಅದನ್ನು ಜಗಲಿಯ ಮೇಲಿಟ್ಟು ನನಗೆ ಹೇಳಿದಳು: “ನನ್ ಹೆಸ್ರು ಅಳ್ಸಿ. ಅದು ಅವ್ರು ಬರೆದಿದ್ದಲ್ಲ.”

ಪೆಟ್ರೋಲು, ಚಿಂದಿ ತೆಗೆದು ಅಲ್ಲೇ ಅಳಿಸಿದೆ. ಆ ದಿನದ ಮೆರವಣಿಗೆ ನಮ್ಮ ಲಾರಿಯಿಲ್ಲದೆ ನಡೆಯಿತು. ಮೌನದ ನಂತರ ಎಲ್ಲ ಜೀಪುಗಳೂ ಸರಿಯಾಗಿ ಸ್ಟಾರ್ಟ್ ಆದವೆಂದು ಡಾಕ್ಟರು ಆಮೇಲೆ ಸಂತೋಷದಿಂದ ಹೇಳಿದರು.

ಎರಡು ದಿನದ ಮೇಲೆ ಫೋಟೋ ಹಿಂತಿರುಗಿಸಲು ಮಧುರೆಗೆ ಹೋದಾಗ ಆ ಅಳುವಿನ ವಿಷಯ ತೀರ್ಮಾನಿಸಲು ಹಿರಿಯರು ಅರಳಿಕಟ್ಟೆಯ ಮೇಲೆ ಸೇರಿದ್ದರು. ಕೆಂಪಮ್ಮ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಕೈತುಂಬ ಹಸಿರು ಬಳೆ. ನಾನು ಯಾರೂ ಕರೆಯದೆ ಎದ್ದು ನಿಂತು ಮಾತಾಡಿದೆ. ಅಳು ಸಾಕ್ಷಿಯಲ್ಲ. ತಾಯಿ ಅತ್ತದ್ದು ಮಗನ ಸುದ್ದಿ ಕೇಳಿಯಲ್ಲ, ಬಣ್ಣ ಬಳಿದ ಲಾರಿ ಕಂಡು. ತಪ್ಪು ತಿಳಿವಳಿಕೆಯಿಂದ ಎದ್ದ ಅಳುವಿಗೆ ಒಬ್ಬಳ ಬಳೆ ತೆಗೆಸುವುದು ಯಾವ ನ್ಯಾಯ? ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ಮಾತಾಡಿರಲಿಲ್ಲ.

ಊರ ಯಜಮಾನರು ತಲೆದೂಗಿದರು. “ನೀನು ಹೇಳೋದು ಸರೀನೇ ಕಣಪ್ಪ. ಒಪ್ತೀವಿ. ಆದ್ರೆ ಅಳು ಎದ್ದಾಯ್ತು. ಹೆತ್ತೋಳ ಅಳೂನ ಹಿಂದಕ್ಕೆ ತಗಬೇಕು ಅಂದ್ರೆ ಅವ್ನು ಬದುಕವ್ನೆ ಅನ್ನೋಕೆ ಏನಾನ ಒಂದು ಸುದ್ದಿ ಬೇಕು. ತಂದಿದೀಯಾ?”

ಆಗ ಕೆಂಪಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಗಂಡಸರ ಕಟ್ಟೆಯೆದುರು ಹೆಂಗಸು ಬರುವುದುಂಟೇ ಎಂದು ಯಾರೋ ಗೊಣಗಿದರು. ಅವಳು ನನ್ನೊಬ್ಬನನ್ನೇ ನೋಡುತ್ತಿದ್ದಳು.

“ಅಣ್ಣಾ, ಆ ಕಡೆಯಿಂದ ಬಂದ ಲಾರಿ ಬಾಗ್ಲೆಲ್ಲಾ ನೀವೇ ಕೆರೀತಿದ್ರಂತೆ. ಗೌಡ್ರು ಹೇಳುದ್ರು. ನನ್ ಹೆಸ್ರಿರೋದು ಬಂದಿತ್ತಾ? ಬಂದಿರ್ಲಿಲ್ಲ ಅಂದ್ರೆ ಇವ್ರ ಮುಂದೆ ಹೇಳ್ಬಿಡಿ. ಎಲ್ಲೋ ಓಡ್ತಾ ಐತೆ ಅಂತ ಕಾಯ್ತೀನಿ. ಬಂದಿತ್ತು ಅಂದ್ರೂ ಹೇಳಿ. ಬಳೆ ನಾನೇ ತೆಗೀತೀನಿ, ಯಾರೂ ಕೈ ಹಿಡಿಯೋದು ಬ್ಯಾಡ.”

ಕಟ್ಟೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಒಂದು ಮಾತು ಸಾಕಿತ್ತು. ಎರಡು ಕಡೆಯನ್ನೂ ಗೆಲ್ಲಿಸಬಲ್ಲ ನಾಲಗೆ ನನ್ನದು. ಕಣ್ಣ ಮುಂದೆ ಬಾಗಿಲುಗಳ ಮೇಲೆ ಬಾಗಿಲು ಸಾಗಿಹೋದವು. ಯಾವುದರಲ್ಲೂ ಅಕ್ಷರ ಕಾಣಲಿಲ್ಲ.

“ಗೊತ್ತಿಲ್ಲ ತಾಯಿ,” ಎಂದೆ.

“ನಿಮ್ಗೆ ಓದೋಕೆ ಬತ್ತಿತ್ತಲ್ಲ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮನೆಯ ಕಡೆ ನಡೆದಳು.

ಬಂದಿರಲಿಲ್ಲ ಎಂದು ಅಲ್ಲಿ ಹೇಳಿಬಿಡಬೇಕಿತ್ತೆಂದು ನನ್ನ ಸ್ನೇಹಿತರು ಹೇಳುತ್ತಾರೆ. ಆ ಪ್ರಶ್ನೆಯನ್ನು ಎರಡು ಪಕ್ಷದಿಂದಲೂ ನಾನೊಬ್ಬನೇ ವಾದಿಸಿ ನೋಡಿದ್ದೇನೆ. ಯಾವ ಪಕ್ಷವೂ ಇನ್ನೂ ಗೆದ್ದಿಲ್ಲ.

ದರ್ಭೆಯ ಗೊಂಬೆ ಸುಟ್ಟ ದಿನ ಗೌಡರು ಅಲ್ಲಿಗೆ ನಡೆದುಕೊಂಡೇ ಬಂದರು. ದೂರದಲ್ಲಿ ನಿಂತು ಮುಗಿಯುವವರೆಗೆ ನೋಡಿ, ನಡೆದುಕೊಂಡೇ ಹೋದರು. ಲಾರಿಯನ್ನು ಬಸ್ ಕಂಪನಿಗೆ ಕೊಟ್ಟರು. ಉಳಿದವರು ಪ್ರತಿ ನವೆಂಬರಿನಲ್ಲೂ ಹೋಗುತ್ತಾರೆ. ಈಗ ಜೀಪುಗಳ ಮೇಲೆ ನಮ್ಮ ಬಾವುಟವಿರುತ್ತದೆ, ನಗುವವರು ಕಡಿಮೆಯಾಗಿದ್ದಾರೆ. ನಾನು ನಟ್ಟು ತಿರುಗಿಸುವ ಪಾನಾ, ಬಣ್ಣ ಕೆರೆಯುವ ಪಟ್ಟಿಗಳನ್ನು ಗೌಡರ ಷೆಡ್ಡಿನಲ್ಲೇ ಬಿಟ್ಟು ಬಂದೆ.

ಹುಡುಗರಿಗೆ ಕಲಿಸುವಂಥದು ನನ್ನಲ್ಲಿ ಹೆಚ್ಚೇನಿಲ್ಲ. ಎಂಜಿನ್ ಬಿಚ್ಚುವ ಮುನ್ನ ಹೊಗೆಕೊಳವೆ ನೋಡಿ. ಬಣ್ಣ ಕೆರೆಯುವಾಗ ಕೆಳಗೆ ಅಕ್ಷರ ಕಂಡರೆ ಓದಿ, ಆಮೇಲೆ ಕೆರೆಯಿರಿ. ಕೈ ನಿಧಾನವಾಗುತ್ತದೆಂದು ಮೇಸ್ತ್ರಿ ಬೈದರೆ ಬೈಸಿಕೊಳ್ಳಿ.

ಕಳೆದ ತಿಂಗಳು ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮಧುರೆಯಲ್ಲಿ ಬಸ್ಸು ನಿಂತಿತು. ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಲು ಬಂದಳು. ಕೆಂಪಮ್ಮ. ಅವಳು ನನ್ನನ್ನು ನೋಡಲಿಲ್ಲ. ಬುಟ್ಟಿ ಇಳಿಸಿ ಮುಂದೆ ಡ್ರೈವರನ ಬಾಗಿಲ ಬಳಿಗೆ ಹೋದಳು. ಬೋಳು ಕೈಯಿಂದ ಅದರ ಧೂಳನ್ನು ಒರೆಸಿ, ನೀಲಿ ಬಣ್ಣಕ್ಕೆ ಮುಖ ಹತ್ತಿರ ತಂದು ನೋಡತೊಡಗಿದಳು.

“ದಿನಾ ಇದೇ ಆಯ್ತಲ್ಲಮ್ಮ, ಹತ್ತಮ್ಮ ಬೇಗ,” ಎಂದ ಕಂಡಕ್ಟರು.